ಅಕ್ಕನ ಲಿಪಿಯಲ್ಲಿ ಬರೆದ ಸುದ್ದಿ

ಇಂಗ್ಲಿಷನ್ನು ಉಚ್ಚರಿಸಿದ ಹಾಗೇ ಬರೆಯಲೆಂದು ಹಿಂದೆ ಬೇರೆಯೇ ಒಂದು ಲಿಪಿ ಮಾಡಿದ್ದರಂತೆ. ಅದು ಬಳಕೆಗೆ ಬರಲಿಲ್ಲ. ಅದನ್ನು ಬಿಡಲಾರದ ಕೆಲವರು ಮಾತ್ರ ಬೇರೆ ಬೇರೆ ದೇಶಗಳಲ್ಲಿ ಕೂತು, ಫೋನಿನ ಒಂದು ಗುಂಪಿನಲ್ಲಿ ಅದರಲ್ಲೇ ಬರೆದುಕೊಳ್ಳುತ್ತಾರೆ. ಇಂಗ್ಲಿಷ್ ಟೀಚರಾಗಿ ನಿವೃತ್ತಳಾದ, ನಂದಿನಿ ಲೇಔಟಿನ ನನ್ನಕ್ಕ ಅವರಲ್ಲೊಬ್ಬಳು. ದಿನಾ ಬೆಳಿಗ್ಗೆ ತನ್ನ ಮನೆಯಲ್ಲಿ ಏನು ತಿಂಡಿ ಎಂದು ಅಲ್ಲಿ ಬರೆಯುತ್ತಿದ್ದಳು. ಒಂದು ಸಲ ಬಸವೇಶ್ವರನಗರದ ನಮ್ಮ ಮನೆಗೆ ಬಂದವಳು ನನ್ನನ್ನೂ ಹಿಡಿದು ಕೂರಿಸಿದಳು.

“ನೀನೂ ಕಲಿಯೇ, ಸುಲಭ ಕಣೇ.”

“ಈ ವಯಸ್ಸಲ್ಲಿ ಅಕ್ಷರಾಭ್ಯಾಸ ಮಾಡಿಸ್ತೀಯಾ ಅಕ್ಕಾ?”

“ಹೂಂ, ತಟ್ಟೆಗೆ ಅಕ್ಕಿ ಹಾಕ್ಕೊಂಡು ಬಾ, ಬೆರಳು ಹಿಡಿದು ತಿದ್ದಿಸ್ತೀನಿ.”

ಅಕ್ಕ ತೀರಿಹೋದ ಮೇಲೆ ಅವಳ ಫೋನು ನನ್ನ ಹತ್ತಿರ ಉಳಿಯಿತು. ಇವತ್ತು ಬೆಂಗಳೂರಿನಲ್ಲಿ ಏನು ತಿಂಡಿ ಎಂದು ಗುಂಪಿನವರು ಕೇಳುತ್ತಲೇ ಇದ್ದರು. ಕಾರ್ಯವೆಲ್ಲ ಮುಗಿದ ಮಾರನೇ ಬೆಳಿಗ್ಗೆ, ನಾನೇ ಹೇಳಬೇಕಲ್ಲ ಎಂದು ಕೂತೆ. ಆ ಲಿಪಿಯಲ್ಲಿ ನನಗೆ ಬರೆದು ಅಭ್ಯಾಸವಿದ್ದದ್ದು ಇಡ್ಲಿ, ಉಪ್ಪಿಟ್ಟು, ಕಾಫಿ ಅಷ್ಟೇ. ಒಂದೊಂದೇ ಅಕ್ಷರ ಹುಡುಕಿ, ನಾನು ಅವಳ ತಂಗಿ, ಅಕ್ಕ ತೀರಿಕೊಂಡಳು ಎಂದು ಬರೆದು ಕಳಿಸಿದೆ.

ಗುಂಪಿಗೆ ಹೊಸದಾಗಿ ಸೇರಿದ್ದ ಒಬ್ಬಾಕೆ ಇನ್ನೂ ಅಕ್ಷರ ಕೂಡಿಸಿಕೊಂಡು ನಿಧಾನವಾಗಿ ಓದುವವಳು. ಸಂದೇಶದ ಪಕ್ಕ ಅಕ್ಕನ ಫೋಟೊ ಕಂಡಿದ್ದೇ, ನಾನು ಬರೆದದ್ದನ್ನು ಓದುವ ಮೊದಲೇ, “ಅಂತೂ ಬಂದಿರಲ್ಲ! ಏನು ತಿಂಡಿ?” ಎಂದು ಮಾಮೂಲಿ ಇಂಗ್ಲಿಷ್ ಅಕ್ಷರಗಳಲ್ಲೇ ಬರೆದುಬಿಟ್ಟಳು. ಸ್ವಲ್ಪ ಹೊತ್ತಿಗೆ ಅದನ್ನು ಅಳಿಸಿದಳು.

ಅಷ್ಟರಲ್ಲಿ ನಾನು ಉಪ್ಪಿಟ್ಟು ಎಂದು ಅರ್ಧ ಬರೆದಿದ್ದೆ.