ಪುಂಡನ ಕೋಣೆ

ನನ್ನ ಗಂಡ ಅಂಗಡಿಗಳಿಗೆ ಬೋರ್ಡು ಮಾಡುವವರು. ಅಕ್ರಿಲಿಕ್ ಹಾಳೆ ಕೊಯ್ದು, ಅಕ್ಷರ ಕತ್ತರಿಸಿ, ಅಂಟಿಸಿ, ಹಿಂದೆ ದೀಪ ಕೂರಿಸಿ ಕೊಡುತ್ತಾರೆ. ಕೈ ಬಹಳ ಚುರುಕು, ಬಾಯಿ ಮಾತ್ರ ಇಲ್ಲವೇ ಇಲ್ಲ. ಮನೆಯವರೆಲ್ಲರ ಪಾಲಿನ ಮಾತನ್ನೂ ನಾನೊಬ್ಬಳೇ ಆಡಬೇಕು. ಕೊನೆಗೆ ವಟವಟ ಅನ್ನುವವಳು ಎಂಬ ಹೆಸರೂ ನನಗೇ. ಅವರ ಬಾಯಿಂದ ಸಲೀಸಾಗಿ ಬರುವ ಮಾತು ಒಂದೇ: "ನಾಳೆ ಮಾಡ್ತೀನಿ." ಆ ಮಾತು ಅವರಿಗೆ ಏನು ಮಾಡಿತು ಅನ್ನುವುದನ್ನು ಹೇಳುತ್ತೇನೆ.

ನಾವು ಮಹಡಿಯ ಮೇಲೆ, ಕೆಳಗೆ ಬಾವ ಮತ್ತು ಅಕ್ಕ. ಬಾವ ಎಂದರೆ ನನ್ನ ಗಂಡನ ಅಣ್ಣ. ಅಕ್ಕ ಎಂದರೆ ಅವರ ಹೆಂಡತಿ, ನನ್ನ ಓರಗಿತ್ತಿ. ಅವರಿಗೆ ಮಕ್ಕಳಿಲ್ಲ. ಬಾವ ಪ್ರೆಸ್ಸಿನಲ್ಲಿ ಪುಸ್ತಕಗಳ ಬೈಂಡಿಂಗ್ ಮಾಡುತ್ತಿದ್ದರು, ಅಕ್ಕ ಅಂಚೆ ಕಚೇರಿಯ ಮೂರನೇ ಕಿಟಕಿಯಲ್ಲಿ ಕೂರುತ್ತಿದ್ದರು. ಬಾವನಿಗೆ ಎರಡು ಚಟ. ಒಂದು, ಮುಂದಿನ ಕೋಣೆಯಲ್ಲಿದ್ದ ಉಪ್ಪುನೀರಿನ ಮೀನಿನ ತೊಟ್ಟಿ. ಸಮುದ್ರ ನಮ್ಮಿಂದ ಎಷ್ಟೋ ದೂರ. ಪೊಟ್ಟಣದ ಉಪ್ಪು ಬೆರೆಸಿ, ತೂತು ತೂತಿನ ಸಮುದ್ರದ ಕಲ್ಲು ತರಿಸಿ, ಟ್ರಂಕಿನಷ್ಟು ಜಾಗದಲ್ಲಿ ಎರಡು ಕಿತ್ತಳೆ ಬಣ್ಣದ ಮೀನು ಸಾಕಿದ್ದರು. ಇನ್ನೊಂದು ಚಟ, ನೆಟಿಗೆ ಮುರಿಯುವುದು. ಕೆಲಸದಿಂದ ಬಂದು ತೊಟ್ಟಿಯ ಮುಂದೆ ಕುರ್ಚಿ ಎಳೆದುಕೊಂಡು ಕೂತರೆ ಚಟ್, ಚಟ್ ಎಂದು ಒಂಬತ್ತು ಸಲ. ಹತ್ತನೆಯದು ಬರುತ್ತಿರಲಿಲ್ಲ. ಎಡಗೈ ಕಿರುಬೆರಳು ಎಂದೋ ಕಾಗದ ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ಕೀಲು ಸೆಟೆದುಕೊಂಡಿತ್ತು, ಬಗ್ಗುತ್ತಲೇ ಇರಲಿಲ್ಲ. "ಸಾಕು ಮಾಡ್ರೀ, ಬೆರಳು ಕಿತ್ತು ಕೈಗೆ ಬಂದಾವು!" ಎಂದು ಅಕ್ಕ ಅಡುಗೆಮನೆಯಿಂದ ಕೂಗುತ್ತಿದ್ದುದು ಮಹಡಿಗೂ ಕೇಳಿಸುತ್ತಿತ್ತು.

ಆ ತೊಟ್ಟಿಯ ಕೆಳಗೆ ಒಂದು ರೆಫ್ಯೂಜಿಯಂ ಬೇಕು ಎಂದು ಬಾವನ ಆಸೆ. ಹಾಗೆಂದರೆ ಇನ್ನೊಂದು ಸಣ್ಣ ತೊಟ್ಟಿ. ದೊಡ್ಡದರ ನೀರು ಅದರೊಳಗೆ ಬಂದು, ದೀಪದಡಿ ಬೆಳೆಯುವ ಪಾಚಿಯ ನಡುವೆ ಹಾದು, ಕೊಳೆ ಕಳೆದುಕೊಂಡು ವಾಪಸ್ಸು ಹೋಗಬೇಕು. ಜೊತೆಗೆ, ದೊಡ್ಡ ತೊಟ್ಟಿಯಲ್ಲಿ ಬಾಳಲಾಗದ ಜೀವಗಳಿಗೆ ಅದೊಂದು ಆಸರೆ. ಅಂಗಡಿಯದು ದುಬಾರಿ, ತಮ್ಮನ ಬಳಿ ಬೋರ್ಡಿನ ಹಾಳೆಯ ತುಂಡುಗಳು ರಾಶಿ ಬಿದ್ದಿದ್ದವು. ಬಾವ ಒಂದು ಚೀಟಿಯಲ್ಲಿ ಅಳತೆ ಹಾಕಿ ಚಿತ್ರ ಬರೆದುಕೊಟ್ಟರು. ಇವರು "ನಾಳೆ ಮಾಡ್ತೀನಿ" ಅಂದರು. ಆರು ತಿಂಗಳು ಅದನ್ನೇ ಅನ್ನುತ್ತಾ ಬಂದರು. ಒಂದು ಮಧ್ಯಾಹ್ನ ಬಾವ ಪ್ರೆಸ್ಸಿನಲ್ಲಿ ಕಟ್ಟಿದ್ದ ಪುಸ್ತಕಗಳ ಮೇಲೆ ತಲೆಯಿಟ್ಟವರು ಎತ್ತಲಿಲ್ಲ. ಎದೆಬಡಿತ ನಿಂತುಹೋಗಿತ್ತು.

ಅವರು ಹೋದ ಮೂರನೇ ವಾರ ಆ ಸದ್ದು ನನ್ನ ಕಿವಿಗೆ ಬಿತ್ತು. ನಾನು ಕೆಳಗೆ ಅಕ್ಕನಿಗೆ ಗಂಜಿ ತಿರುವುತ್ತಿದ್ದೆ. ಹಗಲು ಹನ್ನೊಂದು ಗಂಟೆ, ಕಿಟಕಿ ತುಂಬ ಬಿಸಿಲು. ಮುಂದಿನ ಕೋಣೆಯಿಂದ ಚಟ್ ಎಂದಿತು. ಸ್ವಲ್ಪ ಹೊತ್ತಿಗೆ ಮತ್ತೆ ಚಟ್. ಸೌಟು ನನ್ನ ಕೈಯಿಂದ ಜಾರಿತು. ಓಡಿ ಹೋಗಿ ನೋಡಿದರೆ ಕುರ್ಚಿ ಖಾಲಿ, ನೀರು ತಣ್ಣಗೆ ತೂಗಾಡುತ್ತಿತ್ತು. ಅಕ್ಕ ಗೋಡೆಗೊರಗಿ ಕೂತು ಬೆರಳು ಮಡಿಸುತ್ತಿದ್ದರು. "ನಾಲ್ಕು," ಎಂದರು. ಒಂಬತ್ತರವರೆಗೆ ಎಣಿಸಿ, "ಸಾಕು ಮಾಡ್ರೀ," ಎಂದು ಮೆಲ್ಲಗೆ ಹೇಳಿ, ಮತ್ತೆ ಒಂದರಿಂದ ಶುರು ಮಾಡಿದರು.

ಅಂದಿನಿಂದ ಅಕ್ಕ ಆ ಕೋಣೆ ಬಿಟ್ಟು ಕದಲಲಿಲ್ಲ. ಊಟ ಅಲ್ಲೇ, ನಿದ್ದೆ ಅಲ್ಲೇ. ಹೊರಗೆ ಹೋದಾಗ ಸದ್ದು ಬಂದರೆ ಎಣಿಸುವವರು ಯಾರು? ರಜೆ ಮುಗಿಯಿತು, ಕಚೇರಿಯಿಂದ ಒಂದು ಪತ್ರ ಬಂತು, ಎರಡನೆಯದೂ ಬಂತು: ಸೋಮವಾರ ಹಾಜರಾಗದಿದ್ದರೆ ಕೆಲಸ ಇಲ್ಲ. ಕೆಲಸಕ್ಕಿಂತ ಹೆಚ್ಚಾಗಿ ನನಗೆ ಹೆದರಿಕೆ ಬೇರೆಯೇ ಇತ್ತು. ಈ ಹೆಂಗಸು ಸೋಮವಾರ ಹೊಸಿಲು ದಾಟದಿದ್ದರೆ ಇನ್ನೆಂದೂ ದಾಟುವುದಿಲ್ಲ ಎಂದು ನನಗೆ ಖಾತ್ರಿಯಾಗಿತ್ತು.

ಶುಕ್ರವಾರ ಎರಡು ಮೀನುಗಳಲ್ಲಿ ಒಂದು ಬಾಲ ಹರಿದುಕೊಂಡು ಸತ್ತು ತೇಲಿತು. ನೀರೂ ಕೆಟ್ಟಿತ್ತು. ನನ್ನ ಗಂಡ ಅಂದೇ ಚೀಟಿ ಹುಡುಕಿ ತೆಗೆದರು. "ಈ ಸಲ ನಾಳೆ ಅನ್ನಲ್ಲ ಕಣೇ," ಎಂದರು. ಚಿತ್ರದಲ್ಲಿ ಮೂರು ಕೋಣೆ. ಮೊದಲನೆಯದರಲ್ಲಿ ನೀರು ಬರುವ ಕೊಳವೆ, ಕೊನೆಯದರಲ್ಲಿ ಪಾಚಿ, ನಡುವಿನದರಲ್ಲಿ ಬಾವನ ದುಂಡು ಅಕ್ಷರದಲ್ಲಿ "ಪುಂಡನ ಕೋಣೆ" ಎಂದಿತ್ತು. ಯಾವ ಪುಂಡ ಎಂದು ನಮಗೆ ತಲೆಬುಡ ತಿಳಿಯಲಿಲ್ಲ.

ಶನಿವಾರ ಅಕ್ಕ ಸ್ನಾನಕ್ಕೆ ಹೋಗಿದ್ದಾಗ ಇವರು ತೊಟ್ಟಿಯ ದೊಡ್ಡ ಕಲ್ಲೊಂದನ್ನು ತೊಳೆಯಲೆಂದು ಬಕೆಟ್ಟಿಗೆ ಹಾಕಿಕೊಂಡು ಮಹಡಿಗೆ ತಂದರು. ಮೆಟ್ಟಿಲ ನಡುವೆ ಬಕೆಟ್ಟು ಚಟ್ ಎಂದಿತು. ಇವರು ಅಲ್ಲೇ ಕೂತುಬಿಟ್ಟರು. ಕಲ್ಲಿನ ತೂತಿನಿಂದ ಮೆಲ್ಲಗೆ ಹೊರಬಂದದ್ದು ಕಿರುಬೆರಳುದ್ದದ ಒಂದು ಸಿಗಡಿ. ಚಿಮುಟದಂಥ ಒಂದು ಕೈ ಮಾತ್ರ ಮೈಗೆ ಹೊಂದದಷ್ಟು ದಪ್ಪ. ಅದನ್ನು ಮಡಿಸಿ ಬಿಟ್ಟರೆ ಆ ಸದ್ದು. ಬಾವ ಕೊನೆಯದಾಗಿ ತಂದ ಕಲ್ಲಿನೊಳಗೆ ಅಡಗಿ ಬಂದಿತ್ತು; ಅವರಿದ್ದಾಗ ಅದರ ಸದ್ದು ಅವರ ನೆಟಿಗೆಯಲ್ಲೇ ಬೆರೆತುಹೋಗಿರಬೇಕು. ಮೀನಿನ ಬಾಲ ಹರಿದ ಪುಂಡ ಅದೇ. ಇವರು ತಿಂಗಳ ಮೇಲೆ ಮೊದಲ ಸಲ ನಕ್ಕರು, ನಗುತ್ತಾ ನಗುತ್ತಾ ಅತ್ತರು.

"ಹೋಗಿ ಅಕ್ಕನಿಗೆ ಹೇಳ್ಬಿಡಿ. ದೆವ್ವ ಅಲ್ಲ, ಮಣ್ಣಂಗಟ್ಟಿ ಅಲ್ಲ, ಸಿಗಡಿ ಅಂತ."

"ಹೇಳಿದ್ರೆ ಅಣ್ಣ ಇನ್ನೊಂದ್ಸಲ ಸಾಯ್ತಾನೆ ಕಣೇ."

"ಹೇಳ್ದೇ ಇದ್ರೆ ಅಕ್ಕನೇ ಸಾಯ್ತಾರೆ, ಆಗ?"

ಪುಂಡ ಮಹಡಿಯ ಬಕೆಟ್ಟಿನಲ್ಲಿ, ಕೆಳಗೆ ಚಟ್ ಅನ್ನುವವರೇ ಇಲ್ಲ. ಅಕ್ಕ ಎರಡು ಸಲ ಮೆಟ್ಟಿಲ ಬುಡಕ್ಕೆ ಬಂದು, "ನಿಮ್ಮ ಬಾವ ಯಾಕೋ ಸುಮ್ಮನಾಗಿದ್ದಾರೆ," ಎಂದರು. ಸೋಮವಾರದ ಮಾತೆತ್ತಿದಾಗ, "ಒಂದ್ಸಲ ಕೇಳಿಸ್ಲಿ, ಹೋಗ್ತೀನಿ. ಅವರಿಗೆ ಹೇಳ್ದೇ ಹೇಗೆ ಹೊರಡ್ಲಿ?" ಎಂದರು. ಅದನ್ನು ಕೇಳಿ ನನ್ನ ಗಂಡ ಗರಗಸ ಹಿಡಿದರು.

ಭಾನುವಾರ ಬೆಳಗ್ಗೆಯಿಂದ ಕೊಯ್ದರು, ಉಜ್ಜಿದರು, ಅಂಟಿಸಿದರು. ಹಾಳೆ ಯಾವುದೋ ಮುಚ್ಚಿದ ಅಂಗಡಿಯ ಹಳೆಯ ಬೋರ್ಡು. ಅಕ್ಷರ ಕಿತ್ತರೂ ಅವುಗಳ ನೆರಳು ಹಾಗೇ ಉಳಿದಿತ್ತು. ಸಂಜೆಗೆ ತೊಟ್ಟಿ ತಯಾರು, ಒಂದು ಹನಿ ಸೋರಲಿಲ್ಲ. ಕೆಳಗೆ ಕೊಂಡೊಯ್ದು ದೊಡ್ಡ ತೊಟ್ಟಿಯ ಕೆಳಗಿನ ಕಪಾಟಿನಲ್ಲಿಟ್ಟು, ನೀರು ತುಂಬಿ, ನಡುವಿನ ಕೋಣೆಗೆ ಪುಂಡನನ್ನು ಬಿಟ್ಟರು. ಕೊಳವೆ ಬೆಳಗ್ಗೆ ಜೋಡಿಸೋಣ ಎಂದರು. ಕಪಾಟಿನ ಬಾಗಿಲು ತೆಗೆದರೆ ಅಂಟಿನ ಘಾಟು ಮೂಗಿಗೆ ಬಡಿಯುತ್ತಿತ್ತು. ನಮ್ಮ ಮನೆಯಲ್ಲಿ ಆ ಘಾಟು ದಿನದ್ದು, ನಾನೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಬೆಳಗ್ಗೆ ನೋಡಿದರೆ ಪುಂಡ ಮಗ್ಗುಲಾಗಿ ಸತ್ತು ಬಿದ್ದಿತ್ತು. ಅಂಟಿನ ವಿಷ ನೀರಿಗೆ ಇಳಿದಿತ್ತು. ಬೋರ್ಡಿನ ಅಕ್ಷರ ಅರ್ಧ ಗಂಟೆಯಲ್ಲಿ ಕಚ್ಚಿಕೊಂಡರೆ ಕೆಲಸ ಮುಗಿಯಿತು. ಅಕ್ಷರಕ್ಕೆ ಉಸಿರಾಡುವ ಕೆಲಸ ಇಲ್ಲವಲ್ಲ. ನನ್ನ ಗಂಡ ಚೀಟಿ ತೆಗೆದು ಮೊದಲ ಸಲ ತಿರುಗಿಸಿದರು. ಹಿಂದೆ ಬಾವ ಬರೆದಿದ್ದರು: "ಅಂಟು ಒಣಗಿದ ಮೇಲೂ ಎರಡು ವಾರ ನೀರು ಬದಲಿಸುತ್ತಾ ನೆನೆಸು. ಇಷ್ಟು ದಿನ ಕಾದಿದ್ದೇನೆ, ಆತುರ ಬೇಡ." ಇವರ ಮುಖ ನೋಡಲಾಗದೆ ನಾನು ಗೋಡೆ ನೋಡಿದೆ.

ಅಷ್ಟರಲ್ಲಿ ಅಕ್ಕ ಕಚೇರಿಯ ಸೀರೆಯುಟ್ಟು, ಚೀಲ ತೊಡೆಯ ಮೇಲಿಟ್ಟುಕೊಂಡು ಬಾವನ ಕುರ್ಚಿಯಲ್ಲಿ ಬಂದು ಕೂತರು. ಎಂಟೂವರೆಯಾಯಿತು. ಬಸ್ಸು ಒಂಬತ್ತಕ್ಕೆ. ನನ್ನ ಗಂಡ ಕೊಳವೆ ಜೋಡಿಸುವವರಂತೆ ತೊಟ್ಟಿಯ ಹಿಂದಿನ ಸಂದಿಗೆ ತೂರಿಕೊಂಡರು. ನಾನು ಬಾಗಿಲಲ್ಲಿ ನಿಂತಿದ್ದೆ, ದೇವರೇ ದೇವರೇ ಎನ್ನುತ್ತಾ.

ಚಟ್.

ಅಕ್ಕನ ಮುಖ ಅರಳಿತು. ಬೆರಳು ಮಡಿಸಿದರು. ಚಟ್. ಚಟ್. ಹುಟ್ಟಿದಾಗಿನಿಂದ ಒಂದು ನೆಟಿಗೆಯನ್ನೂ ಮುರಿಯದ ಮನುಷ್ಯ ಸಂದಿಯಲ್ಲಿ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಬೆರಳು ಎಳೆಯುತ್ತಿದ್ದುದು ನನಗೆ ಮಾತ್ರ ಕಾಣುತ್ತಿತ್ತು. ಏಳು. ಎಂಟು. ಒಂಬತ್ತು. ಅಕ್ಕ ಚೀಲ ಹಿಡಿದು ಎದ್ದರು.

ಚಟ್.

"ಹತ್ತು," ಎಂದರು ಅಕ್ಕ. ಎದ್ದವರು ಹಾಗೇ ನಿಂತರು. ತೊಟ್ಟಿಯ ಹಿಂದಿನ ಸಂದಿಯತ್ತ ತಿರುಗಿ ಕೇಳಿದರು: "ಪುಂಡ ಹೋಯ್ತೇನಪ್ಪಾ?"

ಇವರು ಸಂದಿಯಿಂದ ಹೊರಬಂದರು, ಮೈಯೆಲ್ಲ ಧೂಳು. "ನಾನೇ ಕೊಂದೆ ಅತ್ತಿಗೆ. ಅವಸರ ಮಾಡ್ಬಿಟ್ಟೆ."

"ಕಲ್ಲು ತಂದ ವಾರವೇ ಅವರು ತೋರಿಸಿದ್ರು. ನನಗೊಬ್ಬ ಜೊತೆಗಾರ ಸಿಕ್ಕ ನೋಡು ಅಂದಿದ್ರು. ನನಗೆ ಗೊತ್ತಿತ್ತು ಕಣಪ್ಪ. ಗೊತ್ತಿದ್ದೂ ಎಣಿಸ್ತಿದ್ದೆ." ಇವರ ಎರಡೂ ಕೈ ಹಿಡಿದು, ಚಿಕ್ಕ ಮಕ್ಕಳ ಕೈ ನೋಡುವಂತೆ ತಿರುಗಿಸಿ ನೋಡಿದರು. "ನೀನು ಮುರೀಬೇಡ. ನಿನ್ನವು ಹತ್ತೂ ನೆಟ್ಟಗಿವೆ." ಹೊಸಿಲಲ್ಲಿ ಚಪ್ಪಲಿ ಮೆಟ್ಟಿ, ಹಿಂತಿರುಗಿ ನೋಡದೆ ಬಸ್ಸಿಗೆ ಹೋದರು. ನಾನು ಅಲ್ಲೇ ಕುಸಿದು ಕೂತು ಮನಸಾರೆ ಅತ್ತೆ.

ಇದು ನಡೆದು ಎರಡು ವರ್ಷ. ಅಕ್ಕ ಒಂದು ದಿನವೂ ಕೆಲಸ ತಪ್ಪಿಸಿಲ್ಲ. ತೊಟ್ಟಿಯನ್ನು ವಾರಗಟ್ಟಲೆ ನೆನೆಸಿ ಕೊಳವೆ ಜೋಡಿಸಿದ್ದಾಯಿತು. ಪಾಚಿ ಹುಲುಸಾಗಿ ಬೆಳೆದಿದೆ, ಉಳಿದ ಮೀನು ಗಟ್ಟಿಮುಟ್ಟಾಗಿದೆ. ನಡುವಿನ ಕೋಣೆ ಖಾಲಿ; ಅದರೊಳಗೆ ಏನನ್ನೂ ಬಿಡಲು ಇವರು ಒಪ್ಪುವುದಿಲ್ಲ.

ಆದರೆ ಇವರಿಗೆ ಆ ಚಟ ಅಂಟಿಕೊಂಡಿತು. ಕೆಲಸದಿಂದ ಬಂದು ಕೆಳಗೆ ತೊಟ್ಟಿಯ ಮುಂದೆ ಕುರ್ಚಿ ಎಳೆದುಕೊಂಡರೆ ಶುರು. ಬೇಡ ಎಂದು ಬೈದೆ, ಕೈ ಹಿಡಿದು ಜಗಳ ಆಡಿದೆ, ಕೇಳಲಿಲ್ಲ. ಮೊದಮೊದಲು ಹತ್ತು ಕೇಳಿಸುತ್ತಿತ್ತು. ಈಚೆಗೆ ಒಂಬತ್ತು. ಅಕ್ಕ ಆ ಹೊತ್ತಿಗೆ ಅಡುಗೆಮನೆಯ ನಲ್ಲಿ ಜೋರಾಗಿ ತಿರುಗಿಸುತ್ತಾರೆ.

ಮೊನ್ನೆ ಕೇಳಿಯೇಬಿಟ್ಟೆ. "ಎಡಗೈ ಕಿರುಬೆರಳು ಯಾಕ್ರೀ ಬಿಡ್ತೀರಿ? ನಿಮ್ಮಣ್ಣನ ಅಣಕ ಮಾಡ್ತೀರಾ?"

"ಇಲ್ಲ ಕಣೇ," ಎಂದರು. "ಅದು ಬಗ್ಗಲ್ಲ."

ಸಿಟ್ಟಿನಲ್ಲಿ ಆ ಬೆರಳು ಹಿಡಿದೆ, ಬಗ್ಗಿಸಿ ನೋಡಿದೆ. ಬಗ್ಗಲಿಲ್ಲ.