ಗರಾಜಿನ ಬಾಗಿಲಲ್ಲಿ ಹೆಸರು ಕೂಗುವ ನೀಲವ್ವ

ಬೆಳಗಿನ ಆರೂವರೆ. ಸನ್ನಿವೇಲ್‌ನ ಬೀದಿಯಲ್ಲಿ ಇನ್ನೂ ಮಂಜು. ನೀಲವ್ವ ಕಾರನ್ನು ರಸ್ತೆಗಿಳಿಸಿ, ಗರಾಜು ಗುಡಿಸಿ, ಮಡಚುಕಾಲಿನ ನಾಲ್ಕು ಮತದ ಮೇಜುಗಳನ್ನು ಗೋಡೆಗುಂಟ ನಿಲ್ಲಿಸುತ್ತಾರೆ. ವಾಷಿಂಗ್ ಮಷೀನಿಗೆ ಬೆಡ್‌ಶೀಟು ಹೊದಿಸುತ್ತಾರೆ. ಏಳು ಹೊಡೆದದ್ದೇ ಬಾಗಿಲಲ್ಲಿ ನಿಂತು ಮತಗಟ್ಟೆ ತೆರೆಯಿತೆಂದು ಇಂಗ್ಲಿಷಿನಲ್ಲಿ ಕೂಗುತ್ತಾರೆ. ಆ ಕೂಗಿಗೆ ಸರಟೋಗಾ ಗುಡ್ಡದ ನಾಯಿಗಳೂ ಎದ್ದು ಸಾಲು ಹಚ್ಚುತ್ತವೆಂದು ಬೀದಿಯವರು ಹೇಳುತ್ತಾರೆ.

೧೯೮೬ರ ನವೆಂಬರಿನ ಈ ಮಂಗಳವಾರ ಕಾಂಗ್ರೆಸ್ಸಿನ ಚುನಾವಣೆ. ಇಲ್ಲಿ ಕಾಂಗ್ರೆಸ್ಸೆಂದರೆ ಪಕ್ಷವಲ್ಲ, ನಮ್ಮ ಪಾರ್ಲಿಮೆಂಟಿನಂಥದ್ದು. ಸ್ಪರ್ಧೆ ಬಿಗಿಯಾಗಿದೆ. ಬಂದವರು ಹೆಸರು, ವಿಳಾಸ ಹೇಳಬೇಕು. ಎಲ್ಲರಿಗೂ ಕೇಳುವಂತೆ ನೀಲವ್ವ ಅದನ್ನು ತಿರುಗಿ ಕೂಗಬೇಕು. ಹದಿಮೂರು ಗಂಟೆ, ಆರುನೂರ ಹನ್ನೆರಡು ಹೆಸರು.

"ಮೆಲ್ಲಗೆ ಮಾರಾಯ್ರೇ," ಎನ್ನುತ್ತಾರೆ ಎದುರುಮನೆಯ ಡಾಕ್ಟರು ಜಯಕರ. "ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದೆ ಅಂತ ಆಸ್ಪತ್ರೆಗೆ ಫೋನು ಮಾಡಿ ಬಂದದ್ದು. ಫಾಸ್ಟರ್ ಸಿಟಿಯ ಆ ಆಸ್ಪತ್ರೆವರೆಗೆ ಕೇಳ್ತದೆ!"

"ಕೇಳ್ಲಿ ಬಿಡ್ರಿ. ವೋಟ್ ಹಾಕಾಕ ಬಂದೀರಿ, ಕಳವು ಮಾಡಾಕಲ್ಲ."

ಬೈಲಹೊಂಗಲದ ನೀಲವ್ವ ಉಳಿದ ದಿನಗಳಲ್ಲಿ ಕಾರ್ಖಾನೆಯೊಂದರಲ್ಲಿ ಭೂತಗನ್ನಡಿಯ ಕೆಳಗೆ ಕೂದಲೆಳೆಯಂಥ ತಂತಿ ಬೆಸೆಯುತ್ತಾರೆ. ಚುನಾವಣೆಯ ದಿನ ರಜೆ ಹಾಕುತ್ತಾರೆ. ಇಲ್ಲಿ ಮನೆಗಳಲ್ಲೂ ಮತಗಟ್ಟೆ ನಡೆಯುತ್ತದೆ; ಆರು ವರ್ಷದಿಂದ ಅವರ ಗರಾಜೇ ಮತಗಟ್ಟೆ, ಅವರೇ ಮೇಲ್ವಿಚಾರಕಿ. ಬೀದಿಯಲ್ಲಿ ಯಾರಾದರೂ ತೀರಿಕೊಂಡರೆ, ಆ ಮನೆಯವರಿಂದ ಕಾಗದ ಬರೆಸಿ ಮತದಾರರ ಪಟ್ಟಿಯಿಂದ ಹೆಸರು ತೆಗೆಸುವವರೂ ಅವರೇ. "ಸತ್ತವರನ್ನ ಪಟ್ಟ್ಯಾಗ ಇಟ್ರ, ಇದ್ದವರ ವೋಟಿಗೆ ಕಿಮ್ಮತ್ತಿಲ್ರಿ," ಎನ್ನುತ್ತಾರೆ.

ಒಂದು ಕಾಗದ ಮಾತ್ರ ಅವರ ಕೈಯಿಂದ ಆಗಿಲ್ಲ. ಪತಿ ಆಗಸ್ಟಿನಲ್ಲಿ ತೀರಿಕೊಂಡರು. ಪಟ್ಟಿಯಲ್ಲಿ ನೀಲವ್ವನ ಹೆಸರಿನ ಕೆಳಗೇ ಅವರದೂ ಅಚ್ಚಾಗಿ ಬಂದಿದೆ. ಗಂಡನ ಹೆಸರು ಹೇಳಬಾರದೆಂದು ತಾಯಿ ಕಲಿಸಿದ್ದರು. ಪತಿ ವೋಟಿಗೆ ಬಂದಾಗಲೆಲ್ಲ ನೀಲವ್ವ ಹೆಸರಿನ ಪುಸ್ತಕವನ್ನು ಪಕ್ಕದಲ್ಲಿ ಕೂರುವ ಸಹಾಯಕಿ ಡೋರಿಸ್ ಕೈಗಿತ್ತು ನೀರು ಕುಡಿಯಲು ಹೋಗುತ್ತಿದ್ದರು.

ವೋಟು ಹಾಕಿದವರ ಹೆಸರನ್ನು ಗೋಡೆಯ ಪಟ್ಟಿಯಲ್ಲಿ ಗಂಟೆಗೊಮ್ಮೆ ಹೊಡೆದುಹಾಕುತ್ತಾರೆ. ಅದನ್ನು ನೋಡಿ ಪಕ್ಷದವರು, ಬಾರದವರ ಮನೆ ಹುಡುಕಿ ಹೋಗುತ್ತಾರೆ. ನಾಲ್ಕು ಗಂಟೆಗೆ ನೀಲವ್ವನ ಮನೆಯದೇ ಕರೆಗಂಟೆ ಸದ್ದು ಮಾಡುತ್ತದೆ. ಅಡುಗೆಮನೆ ದಾಟಿ ಹೋಗಿ ಕದ ತೆಗೆದರೆ ಕಾಲೇಜು ಹುಡುಗಿ, ಕನ್ನಡದವರ ಮಗಳು ಸೌದಾಮಿನಿ. ಎದೆಯ ಮೇಲೆ ಅಭ್ಯರ್ಥಿಯ ಬಿಲ್ಲೆ.

"ಮೊದಲ ಆ ಬಿಲ್ಲಿ ತಗಿ ತಂಗಿ. ನೂರು ಅಡಿ ಒಳಗ ಪ್ರಚಾರ ಇಲ್ಲ."

"ಓ, ಸಾರಿ ಆಂಟಿ. ಅಂಕಲ್ ಇದಾರಾ? ವೋಟು ಹಾಕಿಲ್ಲ ಅಂತ ಲಿಸ್ಟಲ್ಲಿದೆ. ಕನ್ನಡದವರು ಅಂತ ನನ್ನ ಕಳಿಸಿದ್ರು. ನಡೆಯೋಕೆ ಕಷ್ಟ ಆದ್ರೆ ನಾನೇ ಕೈ ಹಿಡಿದು ಕರ್ಕೊಂಡ್ ಹೋಗ್ತೀನಿ, ಹತ್ತೇ ಹೆಜ್ಜೆ."

ನೀಲವ್ವ ತಿರುಗಿ ಒಳಮನೆಯತ್ತ ನೋಡುತ್ತಾರೆ.

"ಮನೇಲಿಲ್ವಾ? ನಾಟ್ ಹೋಮ್ ಅಂತ ಬರ್ಕೊಳ್ಲಾ? ಆರಕ್ಕೆ ಮತ್ತೆ ಬರ್ತೀನಿ."

ಹೂಂ ಅಂದರೆ ಹುಡುಗಿ ಆರಕ್ಕೆ ಬರುತ್ತಾಳೆ, ಏಳಕ್ಕೆ ಇನ್ನೊಬ್ಬರು. ಮುಂದಿನ ಚುನಾವಣೆಗೂ ಆ ಹೆಸರು ವೋಟಿಗಾಗಿ ಕಾಯುತ್ತ ಕೂರುತ್ತದೆ.

"ಬರ್ಕೋಬ್ಯಾಡ. ಬಾ ನನ್ ಸಂಗಾಟ."

ಗರಾಜಿಗೆ ಬಂದು ನೀಲವ್ವ ಪುಸ್ತಕ ಬಿಡಿಸುತ್ತಾರೆ. ಡೋರಿಸ್ ತಾನು ಓದುತ್ತೇನೆಂದು ಕೈ ಚಾಚುತ್ತಾರೆ, ನೀಲವ್ವ ತಲೆಯಾಡಿಸುತ್ತಾರೆ. ಸೆರಗು ಸರಿಮಾಡಿಕೊಂಡು, ಎಲ್ಲರ ಹೆಸರು ಕೂಗುವ ದನಿಯಲ್ಲೇ ಕೂಗುತ್ತಾರೆ.

"ಶಿವರುದ್ರಪ್ಪ."

ಮನೆ ನಂಬರು, ಬೀದಿ. ಆಮೇಲೆ ಇಂಗ್ಲಿಷಿನಲ್ಲಿ, ತೀರಿಕೊಂಡಿದ್ದಾರೆ ಎಂದು. ಸಾಲಿನಲ್ಲಿದ್ದ ಒಬ್ಬಾತ ಟೋಪಿ ತೆಗೆಯುತ್ತಾನೆ. ಡೋರಿಸ್ ಕಾಗದ ತುಂಬುತ್ತಾರೆ, ನೀಲವ್ವ ಸಹಿ ಹಾಕುತ್ತಾರೆ.

ಸೌದಾಮಿನಿಯ ಕಣ್ಣಲ್ಲಿ ನೀರು. "ಐ ಡಿಡಂಟ್ ನೋ, ಆಂಟಿ."

"ನಿಂದೇನ ತಪ್ಪ, ತಂಗಿ? ನಾ ಹೇಳಬೇಕಿತ್ತು." ನೀಲವ್ವ ಪೆನ್ನಿನ ಮುಚ್ಚಳ ಹಾಕುತ್ತಾರೆ. "ಇಪ್ಪತ್ತೆರಡು ವರ್ಷ ಸಂಸಾರ ಮಾಡೀನಿ, ಒಂದ್ ಸಲಾನೂ ಹೆಸರ ಹಿಡದ ಕರದಿರ್ಲಿಲ್ಲ. ಕೂಗಾಕ ಎಷ್ಟ್ ಛಲೋ ಐತಿ, ಅಲ್ಲೇನ?"