ಮಾರ್ವಾ ತಂದ ಕಿತ್ತಳೆ ಜಾಕೆಟ್‌ಗಳು

ನಮ್ಮ ಪಾಪ್ಲರ್ ಬೆಂಡ್ ಊರಿನಲ್ಲಿ ಮಾರ್ವಾ ಹ್ರಿಂಕೊಳಷ್ಟು ಹಟಮಾರಿ ಹೆಂಗಸನ್ನು ನಾನು ಕಂಡಿಲ್ಲ. ನಾವಿಬ್ಬರೂ ಶಾಲೆಯ ಬಸ್ಸು ಓಡಿಸಿದವರು. ನಿವೃತ್ತಿಯಾದ ಮೇಲೆ ನಾನು ಮೀನು ಹಿಡಿಯುತ್ತಾ ಕೂತೆ. ಅವಳು ದಿನಾ ಬೆಳಿಗ್ಗೆ ಬೀಟ್‌ರೂಟ್ ಸೂಪು ತುಂಬಿಕೊಂಡು ಹೊಳೆದಂಡೆಯ ರೈಲು ಸೇತುವೆಯ ಕೆಳಗೆ, ಮನೆಯಿಲ್ಲದವರ ಗುಡಾರಗಳ ಹತ್ತಿರ ಹೋಗತೊಡಗಿದಳು. ಅಲ್ಲಿ ಯಾರ ಗುಡಾರದ ಪರದೆಯನ್ನೂ ಎತ್ತಿ ನೋಡುವಂತಿಲ್ಲ. ಅದು ಅವರ ಮನೆ. ಫ್ಲಾಸ್ಕಿಗೆ ಚಮಚದಿಂದ ಟಣಟಣ ಬಡಿದು ಕಾಯಬೇಕು, ಬಂದರೆ ಬಂದರು.

ಎಮಿಲ್ ಎಂಬ ಮುದುಕ ಬಹಳ ಕಾಲ ಹೊರಗೇ ಬರಲಿಲ್ಲ. ಹಿಂದೆ ಪುರಸಭೆಯವರು ಅವನ ಗುಡಾರ ಕಿತ್ತು, ಸತ್ತ ಹೆಂಡತಿಯ ಫೋಟೋ ಸಮೇತ ಕಸದ ಲಾರಿಗೆ ಎಸೆದಿದ್ದರು. ಆಮೇಲೆ ಅವನು ಯಾರನ್ನೂ ನಂಬುತ್ತಿರಲಿಲ್ಲ. ಕೊನೆಗೊಂದು ದಿನ ಅವನ ನಾಯಿ ಜಿಂಜರ್ ಬಂತು, ಅದರ ಹಿಂದೆ ಅವನು.

"ಉಪ್ಪು ಕಮ್ಮಿ," ಅಂದ.

"ಅಬ್ಬಬ್ಬಾ! ಪುಕ್ಕಟೆ ಸೂಪಿಗೆ ಎಷ್ಟು ಧಿಮಾಕು ನೋಡು ಇವನಿಗೆ!" ಎಂದು ಮಾರ್ವಾ ನಕ್ಕಳು.

ಚಳಿಗಾಲ ಬಲಿಯುವ ಮೊದಲು ಅವನನ್ನು ಸೂರಿನಡಿ ತರಲೇಬೇಕೆಂದು ಅವಳು ಪಣ ತೊಟ್ಟಳು. ಆಶ್ರಯಗೃಹಕ್ಕೆ ನಾಯಿಯನ್ನು ಸೇರಿಸುತ್ತಿರಲಿಲ್ಲ, ನಾಯಿ ಬಿಟ್ಟು ಅವನು ಬರುತ್ತಿರಲಿಲ್ಲ. ಊರಿಗೆ ಬಂದಿದ್ದ ಅನುದಾನವನ್ನು ಪುರಸಭೆ ಪೇಟೆಬೀದಿಯ ಹೂಕುಂಡಗಳಿಗೆಂದು ತೆಗೆದಿಟ್ಟಿತ್ತು. ಮಾರ್ವಾ ಸಭೆಯಲ್ಲಿ ಎದ್ದು ನಿಂತಳು.

"ಹೂಕುಂಡಕ್ಕೆ ನೀರು ಹಾಕೋಕೆ ಆಳು ಇಡ್ತೀರಿ. ಸೇತುವೆ ಕೆಳಗಿರೋರನ್ನ 'ಬದುಕಿದ್ದೀಯೇನಪ್ಪಾ' ಅಂತ ಕೇಳೋಕೆ ಒಬ್ಬರನ್ನೂ ಇಡಲ್ವಾ?"

ಸಭೆ ಸಭೆಗೂ ಹೋಗಿ ತಲೆ ತಿಂದು, ಕೊನೆಗೂ ಆ ಹಣವನ್ನು ಈ ಕಡೆಗೆ ತಿರುಗಿಸಿದಳು. ಒಂದು ವ್ಯಾನು, ಬೀದಿಯಲ್ಲಿರುವವರನ್ನು ಹುಡುಕಿ ಮಾತಾಡಿಸಲು ಇಬ್ಬರು ಕೆಲಸಗಾರರು, ನಾಯಿಗೂ ಜಾಗವಿರುವ ಕೋಣೆಗಳು. ವ್ಯಾನು ಓಡಿಸಲು ನನ್ನನ್ನು ಎಳೆತಂದಳು. ಕೆಲಸಗಾರರಿಗೆ ಹೊಸ ಜಾಕೆಟ್ ಕೊಳ್ಳೋಣ ಅಂದಿದ್ದಕ್ಕೆ ನನ್ನನ್ನೇ ಗದರಿದಳು.

"ಹೊಸ ಜಾಕೆಟ್ ಯಾಕೋ ಮಾರಾಯ? ಪುರಸಭೆ ಉಗ್ರಾಣದಲ್ಲಿ ಹಳೇವು ಬಿದ್ದಿವೆ, ಪುಕ್ಕಟೆ. ಉಳಿದ ದುಡ್ಡಲ್ಲಿ ಕಂಬಳಿ ತರೋಣ. ಎಮಿಲ್‌ಗೆ ಮಾತ್ರ ದಪ್ಪದ್ದೇ ಬೇಕು."

ಕಿತ್ತಳೆ ಬಣ್ಣದ ಜಾಕೆಟ್‌ಗಳು. ಮೊದಲ ದಿನದ ಸಂಭ್ರಮದಲ್ಲಿ ಅವಳೂ ಒಂದನ್ನು ತೊಟ್ಟಳು. ನಾನು ವ್ಯಾನಿನ ಹತ್ತಿರ ಉಳಿದೆ, ಅವಳೂ ಇಬ್ಬರು ಕೆಲಸಗಾರರೂ ದಿಬ್ಬ ಇಳಿದರು. ಮಾರ್ವಾ ಚಮಚ ಕೈಗೆತ್ತಿಕೊಳ್ಳುವಷ್ಟರಲ್ಲಿ ಯಾರೋ ಕೂಗಿದರು.

"ಕೀಳೋಕೆ ಬಂದ್ರು! ಓಡ್ರೋ!"

ಅಯ್ಯೋ ದೇವರೇ, ಗುಡಾರ ಕೀಳುವವರು ತೊಡುತ್ತಿದ್ದದ್ದೂ ಅದೇ ಜಾಕೆಟ್! ಜನ ದಿಕ್ಕಾಪಾಲಾದರು. ಎಮಿಲ್ ಚೀಲ ಹೆಗಲಿಗೇರಿಸಿ ಹೆಪ್ಪುಗಟ್ಟಿದ ಹೊಳೆಯ ಮೇಲೆ ಓಡಿದ.

"ಎಮಿಲ್! ನಿಲ್ಲೋ! ನಾನು ಕಣೋ, ಮಾರ್ವಾ!"

ಅವನು ನಿಂತ. ತಿರುಗಿ ನೋಡಿದ. ಮತ್ತೆ ಓಡಿದ. ನಡುಹೊಳೆಯಲ್ಲಿ ಮಂಜುಗಡ್ಡೆ ಇನ್ನೂ ಗಟ್ಟಿಯಾಗಿರಲಿಲ್ಲ.

ಅಗ್ನಿಶಾಮಕದವರು ಅವನನ್ನು ನೀರಿನಿಂದ ಮೇಲೆತ್ತಿದಾಗ ಉಸಿರಿರಲಿಲ್ಲ. ಆ ದಪ್ಪ ಕಂಬಳಿಯನ್ನು ಮಾರ್ವಾಳೇ ಹೊದಿಸಿದಳು. ಏನಾದರೂ ಹೇಳಬೇಕಲ್ಲ.

"ನಿನ್ನನ್ನ ಅವನು ಗುರುತು ಹಿಡೀಲಿಲ್ಲ ಕಣೇ, ಅಷ್ಟೇ," ಅಂದೆ.

ಜಿಂಜರ್ ಅವಳ ಕಾಲಿಗೆ ಒರಗಿ ನಡುಗುತ್ತಿತ್ತು. ಮಾರ್ವಾ ಜಾಕೆಟ್ ಬಿಚ್ಚಿ ಕೆಳಗೆ ಹಾಕಿದಳು.

"ಹಿಡಿದ ಕಣೋ. ನನ್ನ ಮುಖಾನೇ ನೋಡಿದ. ಆಮೇಲೇ ಓಡಿದ್ದು."